ಓದುಗರ ಪ್ರಶ್ನೆ, ನಮ್ಮ ಉತ್ತರ: ಸ್ಟೇಟ್‌ಮೆಂಟ್ ಬಂದಿದೆ, ಓದಲು ಬರುತ್ತಿಲ್ಲ

ದೃಷ್ಟಿ ಇಲ್ಲದ ಓದುಗರಿಂದಲೂ ಅವರ ಮನೆಯವರಿಂದಲೂ ಬ್ಯಾಂಕಿನ ಇ-ದಾಖಲೆಗಳ ಬಗ್ಗೆ ಈ ಸಲ ಪ್ರಶ್ನೆ ಕೇಳಿದ್ದೆವು. ಮುಂಬಯಿ, ಪುಣೆ, ಗೋವಾದಿಂದ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ಮಾತಿನಿಂದ ಶುರುವಾಗುತ್ತವೆ: ‘ಪಿಡಿಎಫ್ ಓದುತ್ತಿಲ್ಲ.’ ಬ್ಯಾಂಕಿಗೆ ಇಷ್ಟೇ ಹೇಳಿದರೆ ‘ನಮ್ಮಲ್ಲಿ ತೆರೆಯುತ್ತಿದೆಯಲ್ಲ’ ಎಂಬ ಉತ್ತರ ಬರುತ್ತದೆ, ಅಲ್ಲಿಗೆ ಮಾತು ಮುಗಿಯುತ್ತದೆ. ಯಾಕೆ ಓದುತ್ತಿಲ್ಲ ಎಂದು ನೀವೇ ಪತ್ತೆಹಚ್ಚಿ ಹೇಳಿದರೆ ಅವರು ಉತ್ತರ ಹುಡುಕಲೇಬೇಕಾಗುತ್ತದೆ. ಅದಕ್ಕಾಗಿ ಮೊದಲ ಪತ್ರಕ್ಕೆ ಸ್ವಲ್ಪ ಉದ್ದವಾಗಿಯೇ ಉತ್ತರಿಸಿದ್ದೇವೆ.

ಪ್ರಶ್ನೆ: ಹೋಟೆಲಿನ ಕೆಲಸದಿಂದ ನಿವೃತ್ತನಾದ ಮೇಲೆ ದೃಷ್ಟಿ ಪೂರ್ತಿ ಹೋಯಿತು. ಪರದೆಯ ಮೇಲಿನದನ್ನು ಓದಿ ಹೇಳುವ ಎನ್‌ವಿಡಿಎ ತಂತ್ರಾಂಶ ಕಲಿತಿದ್ದೇನೆ. ಇಮೇಲ್, ಪತ್ರಿಕೆ ಎಲ್ಲ ಓದುತ್ತದೆ. ಬ್ಯಾಂಕಿನ ಸ್ಟೇಟ್‌ಮೆಂಟ್ ಮಾತ್ರ ಪಾಸ್‌ವರ್ಡ್ ಹಾಕಿದರೆ ತೆರೆಯುತ್ತದೆ, ಆಮೇಲೆ ಮಾತೇ ಇಲ್ಲ. ತಪ್ಪು ನನ್ನ ಕಂಪ್ಯೂಟರಿನದೋ ಬ್ಯಾಂಕಿನದೋ?
ಓದುಗರೊಬ್ಬರು, ಡೊಂಬಿವಲಿ ಪೂರ್ವ

ಉತ್ತರ: ಬೇರೆಲ್ಲವನ್ನೂ ಓದುವ ಎನ್‌ವಿಡಿಎ ಇದೊಂದನ್ನು ಓದುವುದಿಲ್ಲ ಎಂದರೆ ಕಡತವನ್ನೇ ಮೊದಲು ಅನುಮಾನಿಸಬೇಕು. ಮೌನಕ್ಕೆ ಮುಖ್ಯವಾಗಿ ಮೂರು ಕಾರಣಗಳಿರುತ್ತವೆ. ಮೂರಕ್ಕೂ ಮದ್ದು ಬೇರೆಬೇರೆ.

ಒಂದು, ಕಡತದಲ್ಲಿ ಅಕ್ಷರಗಳೇ ಇಲ್ಲ. ಕಾಗದವನ್ನು ಸ್ಕ್ಯಾನ್ ಮಾಡಿ ಕಳಿಸಿದ್ದಾರೆ. ಕಣ್ಣಿಗೆ ಅಕ್ಷರದಂತೆ ಕಂಡರೂ ಅದು ಫೋಟೊ. ಎರಡು, ಅಕ್ಷರಗಳಿವೆ, ಆದರೆ ಬೀಗ ಹಾಕಿದೆ. ಮೂರು, ಅಕ್ಷರಗಳಿವೆ, ಬೀಗವೂ ಇಲ್ಲ, ಆದರೆ ಯಾವುದು ತಲೆಬರಹ, ಯಾವುದು ಕೋಷ್ಟಕ, ಯಾವುದರ ನಂತರ ಯಾವುದು ಎಂದು ಹೇಳುವ ಟ್ಯಾಗ್‌ಗಳಿಲ್ಲ.

ಯಾವುದೆಂದು ತಿಳಿಯಲು ಎರಡು ನಿಮಿಷ ಸಾಕು. ಅಡೋಬಿ ರೀಡರ್‌ನಲ್ಲಿ ಕಡತ ತೆರೆದು ಕಂಟ್ರೋಲ್ ಮತ್ತು ಡಿ ಒತ್ತಿ. ಪ್ರಾಪರ್ಟೀಸ್ ಕಿಟಕಿ ಬರುತ್ತದೆ. ಕಂಟ್ರೋಲ್-ಟ್ಯಾಬ್ ಒತ್ತಿದರೆ ಅದರ ಹಾಳೆಗಳು ಒಂದೊಂದಾಗಿ ಸಿಗುತ್ತವೆ. ‘ಫಾಂಟ್ಸ್’ ಹಾಳೆಯಲ್ಲಿ ಒಂದೇ ಒಂದು ಫಾಂಟಿನ ಹೆಸರೂ ಇಲ್ಲದಿದ್ದರೆ ಅದು ಫೋಟೊ. ‘ಸೆಕ್ಯುರಿಟಿ’ ಹಾಳೆಯಲ್ಲಿ ‘ಕಂಟೆಂಟ್ ಕಾಪಿಯಿಂಗ್ ಫಾರ್ ಆಕ್ಸೆಸಿಬಿಲಿಟಿ’ ಎಂಬ ಸಾಲಿನ ಮುಂದೆ ‘ನಾಟ್ ಅಲೌಡ್’ ಎಂದಿದ್ದರೆ ಅದು ಬೀಗ. ಮೊದಲ ಹಾಳೆಯಾದ ‘ಡಿಸ್ಕ್ರಿಪ್ಶನ್’ನ ಕೊನೆಗೆ ‘ಟ್ಯಾಗ್ಡ್ ಪಿಡಿಎಫ್’ ಎಂದು ಬರುತ್ತದೆ. ಅದರ ಮುಂದೆ ‘ನೋ’ ಎಂದಿದ್ದರೆ ಮೂರನೆಯ ಕಾರಣ. ಮೂರನ್ನೂ ಒಂದು ನೋಟ್‌ಪ್ಯಾಡ್ ಕಡತದಲ್ಲಿ ಬರೆದಿಟ್ಟುಕೊಳ್ಳಿ, ದೂರಿಗೆ ಬೇಕಾಗುತ್ತದೆ.

ಬೀಗದ ಬಗ್ಗೆ ಒಂದು ಮಾತು. ಪಿಡಿಎಫ್‌ಗೆ ಎರಡು ಬಗೆಯ ಪಾಸ್‌ವರ್ಡ್ ಇರುತ್ತದೆ. ನೀವು ಹಾಕುವುದು ತೆರೆಯುವ ಪಾಸ್‌ವರ್ಡ್. ಮುದ್ರಿಸಬಹುದೇ, ನಕಲು ಮಾಡಬಹುದೇ ಎಂದು ನಿರ್ಧರಿಸುವ ಇನ್ನೊಂದು ಬ್ಯಾಂಕಿನ ಕೈಯಲ್ಲೇ ಉಳಿಯುತ್ತದೆ. ಹಳೆಯ 40 ಬಿಟ್ ಗೂಢಲಿಪಿಯಲ್ಲಿ ‘ನಕಲು ಬೇಡ’ ಎಂದರೆ ಎನ್‌ವಿಡಿಎಯಂಥ ಸ್ಕ್ರೀನ್ ರೀಡರಿಗೂ ಬಾಗಿಲು ಮುಚ್ಚುತ್ತಿತ್ತು, ಎರಡಕ್ಕೂ ಒಂದೇ ಸ್ವಿಚ್ಚು. 128 ಬಿಟ್ ಬಂದ ಮೇಲೆ ಎರಡನ್ನೂ ಬೇರೆ ಮಾಡಿದರು. ಆದ್ದರಿಂದ ‘ಭದ್ರತೆಗಾಗಿ ಹೀಗೆ ಮಾಡಿದ್ದೇವೆ’ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ನಕಲು ತಡೆದೂ ಸ್ಕ್ರೀನ್ ರೀಡರಿಗೆ ದಾರಿ ಬಿಡಬಹುದು. ನಿಮ್ಮ ಪಾಸ್‌ವರ್ಡಿನಿಂದ ನೀವೇ ತೆರೆದ ನಿಮ್ಮದೇ ಲೆಕ್ಕವನ್ನು ನಿಮ್ಮಿಂದ ಮುಚ್ಚಿಡುವುದು ಭದ್ರತೆಯಲ್ಲ.

ಈಗ ಸದ್ಯದ ಪರಿಹಾರ. ಫೋಟೊ ಆಗಿದ್ದರೆ ಪುಟವನ್ನು ಪರದೆ ತುಂಬ ಮಾಡಿಕೊಂಡು ಎನ್‌ವಿಡಿಎ ಕೀಲಿ (ಸಾಮಾನ್ಯವಾಗಿ ಇನ್ಸರ್ಟ್) ಮತ್ತು ಆರ್ ಒತ್ತಿ. ವಿಂಡೋಸಿನ ಒಳಗೇ ಇರುವ ಅಕ್ಷರ ಗುರುತಿಸುವ ತಂತ್ರಾಂಶ ಓದಿ ಹೇಳುತ್ತದೆ. ಜಾಸ್ ಎಂಬ ಇನ್ನೊಂದು ಸ್ಕ್ರೀನ್ ರೀಡರ್ ಬಳಸುವವರು ಇನ್ಸರ್ಟ್-ಸ್ಪೇಸ್, ಆಮೇಲೆ ಓ, ಆಮೇಲೆ ಡಿ ಒತ್ತಬೇಕು. ಎನ್‌ವಿಡಿಎ ಪರದೆಯ ಮೇಲೆ ಕಾಣುವಷ್ಟನ್ನೇ ಗುರುತಿಸುತ್ತದೆ, ಪುಟ ತಿರುಗಿಸಿದ ಹಾಗೆ ಮತ್ತೆ ಒತ್ತಬೇಕು. ಅಕ್ಷರ ಸಣ್ಣದಿದ್ದರೆ ತಪ್ಪು ಹೆಚ್ಚು: 3 ಮತ್ತು 8, 1 ಮತ್ತು 7, 5 ಮತ್ತು 6 ಅದಲುಬದಲಾಗುತ್ತವೆ, ದಶಾಂಶದ ಚುಕ್ಕೆ ಮಾಯವಾಗುತ್ತದೆ. ಹಾಗಾಗಿ ಕೇಳಿದ್ದನ್ನು ಹಾಗೇ ನಂಬದೆ ತಾಳೆ ನೋಡಿ: ಹಿಂದಿನ ಸಾಲಿನ ಬಾಕಿಗೆ ಈ ಸಾಲಿನ ಜಮೆ ಕೂಡಿಸಿದರೆ, ಅಥವಾ ಖರ್ಚು ಕಳೆದರೆ, ಈ ಸಾಲಿನ ಬಾಕಿ ಬರಬೇಕು. ಬರದಿದ್ದರೆ ಆ ಸಾಲಿನಲ್ಲೋ ಹಿಂದಿನ ಸಾಲಿನಲ್ಲೋ ಅಂಕೆ ತಪ್ಪಾಗಿ ಓದಿದೆ.

ಟ್ಯಾಗ್ ಇಲ್ಲದ ಕಡತಕ್ಕೆ ಅಡೋಬಿಯಲ್ಲಿ ಕಂಟ್ರೋಲ್-ಕೆ ಒತ್ತಿ ‘ರೀಡಿಂಗ್’ ವಿಭಾಗಕ್ಕೆ ಹೋಗಿ. ಓದುವ ಕ್ರಮಕ್ಕೆ ಮೂರು ಆಯ್ಕೆಗಳಿವೆ. ಮೊದಲಿಂದ ಇರುವ ‘ಇನ್ಫರ್’ ಎಂಬುದು ಊಹೆಯಿಂದ ಓದುತ್ತದೆ. ಸ್ಟೇಟ್‌ಮೆಂಟಿನಂಥ ಕೋಷ್ಟಕಕ್ಕೆ ‘ಎಡದಿಂದ ಬಲಕ್ಕೆ, ಮೇಲಿಂದ ಕೆಳಕ್ಕೆ’ ಎಂಬ ಎರಡನೆಯದು ಹಲವು ಸಲ ವಾಸಿ. ವರ್ಷದ ಸ್ಟೇಟ್‌ಮೆಂಟ್ ಮೊದಲ ಪುಟ ಓದಿ ಸುಮ್ಮನಾಗುತ್ತದೆ ಎಂಬ ದೂರಿಗೂ ಇಲ್ಲೇ ಉತ್ತರವಿದೆ. ದೊಡ್ಡ ಕಡತವಾದರೆ ಕಾಣುವ ಪುಟಗಳನ್ನಷ್ಟೇ ಓದು ಎಂಬ ಆಯ್ಕೆ ಇರುತ್ತದೆ, ದೊಡ್ಡದು ಎಂದರೆ 50 ಪುಟ. ಅದನ್ನು ‘ಇಡೀ ದಾಖಲೆ ಓದು’ ಎಂದು ಬದಲಿಸಿ.

ಬೀಗ ತೆಗೆದುಕೊಡುತ್ತೇವೆ ಎನ್ನುವ ಜಾಲತಾಣಗಳಿಗೆ ಸ್ಟೇಟ್‌ಮೆಂಟ್ ಹಾಕಬೇಡಿ. ಖಾತೆ ಸಂಖ್ಯೆ, ವಿಳಾಸ, ಯಾರಿಗೆ ಎಷ್ಟು ಕೊಟ್ಟಿರಿ ಎಂಬುದೆಲ್ಲ ಅಪರಿಚಿತರ ಸರ್ವರಿಗೆ ಹೋಗುತ್ತದೆ.

ಪ್ರಶ್ನೆ: ನನ್ನ ಸ್ಟೇಟ್‌ಮೆಂಟಿನಲ್ಲಿ ಎಲ್ಲವೂ ಓದುತ್ತದೆ. ಆದರೆ ₹500 ಬಂತೋ ಹೋಯಿತೋ ಗೊತ್ತಾಗುವುದಿಲ್ಲ. ಕಣ್ಣಿರುವ ಸಹೋದ್ಯೋಗಿ ನೋಡಿ ‘ಸರಿಯಾಗಿಯೇ ಇದೆಯಲ್ಲ’ ಎನ್ನುತ್ತಾರೆ.
ಖಾಸಗಿ ಕಂಪನಿ ಉದ್ಯೋಗಿ, ಪಿಂಪ್ರಿ-ಚಿಂಚವಡ

ಉತ್ತರ: ಇಬ್ಬರ ಮಾತೂ ನಿಜ. ಸ್ಟೇಟ್‌ಮೆಂಟಿನಲ್ಲಿ ಖರ್ಚಿಗೊಂದು ಕಂಬಸಾಲು, ಜಮೆಗೊಂದು ಕಂಬಸಾಲು. ಒಂದು ವ್ಯವಹಾರದಲ್ಲಿ ಎರಡರಲ್ಲೊಂದು ಖಾಲಿ. ಕಣ್ಣು ಆ ಖಾಲಿ ಜಾಗವನ್ನು ಕಾಣುತ್ತದೆ. ಟ್ಯಾಗ್ ಇಲ್ಲದ ಪಿಡಿಎಫ್‌ನಲ್ಲಿ ಖಾಲಿ ಜಾಗ ಎಂಬುದು ಇಲ್ಲವೇ ಇಲ್ಲ, ಇರುವುದು ಬರೀ ಅಕ್ಷರಗಳು. ಹಾಗಾಗಿ ಸ್ಕ್ರೀನ್ ರೀಡರ್ ‘ಐದುನೂರು, ಹನ್ನೆರಡು ಸಾವಿರದ ಮುನ್ನೂರು’ ಎಂದು ಎರಡು ಸಂಖ್ಯೆ ಹೇಳಿ ಮುಂದೆ ಹೋಗುತ್ತದೆ. ಐದುನೂರು ಯಾವ ಕಂಬಸಾಲಿನದು ಎಂಬ ಸುದ್ದಿ ಆ ಖಾಲಿ ಜಾಗದಲ್ಲೇ ಇತ್ತು, ಅದು ಕಳೆದುಹೋಯಿತು. ನಮ್ಮ ಪ್ರಕಾರ ಬ್ಯಾಂಕ್ ದಾಖಲೆಗಳ ದೋಷಗಳಲ್ಲೆಲ್ಲ ಇದೇ ಅಪಾಯದ್ದು. ಪೂರ್ತಿ ಮೌನವಾದರೆ ದೋಷವಿದೆ ಎಂದಾದರೂ ತಿಳಿಯುತ್ತದೆ, ಇಲ್ಲಿ ಓದಿದಂತೆಯೇ ಅನಿಸುತ್ತದೆ.

ಆದ್ದರಿಂದ ಪಿಡಿಎಫ್ ಬಿಡಿ. ನೆಟ್ ಬ್ಯಾಂಕಿಂಗಿನಲ್ಲಿ ಡೌನ್‌ಲೋಡ್ ಮಾಡುವಾಗ ಎಕ್ಸೆಲ್ ಅಥವಾ ಸಿಎಸ್‌ವಿ (ಕೋಷ್ಟಕವನ್ನು ಸಾದಾ ಪಠ್ಯವಾಗಿ ಇಡುವ ಕಡತ) ಎಂಬ ಆಯ್ಕೆ ಇದೆಯೇ ನೋಡಿ. ಇದ್ದರೆ ಅದನ್ನೇ ಆರಿಸಿ. ಅಲ್ಲೂ ಕೆಲವು ತೊಡಕುಗಳಿವೆ.

ತೆರೆಯುವಾಗ ‘ಕಡತದ ಬಗೆಯೂ ಹೆಸರೂ ಹೊಂದುತ್ತಿಲ್ಲ’ ಎಂಬ ಎಚ್ಚರಿಕೆ ಬರಬಹುದು. ಎಕ್ಸೆಲ್ ಎಂದು ಹೆಸರಿಟ್ಟಿದ್ದರೂ ಒಳಗೆ ಇರುವುದು ಜಾಲಪುಟದ ಕೋಷ್ಟಕ ಅಥವಾ ಸಾದಾ ಪಠ್ಯ, ಅದಕ್ಕೇ. ಬ್ಯಾಂಕಿನ ತಾಣದಿಂದ ನೀವೇ ಇಳಿಸಿಕೊಂಡ ಕಡತವಾದರೆ ‘ಯೆಸ್’ ಒತ್ತಿ, ಎಫ್ 12 ಒತ್ತಿ ಸರಿಯಾದ ಎಕ್ಸೆಲ್ ಬಗೆಯಲ್ಲಿ ಉಳಿಸಿಕೊಳ್ಳಿ. ಮೇಲಿನ ಹತ್ತಾರು ಸಾಲು ಹೆಸರು, ವಿಳಾಸ, ಶಾಖೆಯ ವಿವರ. ಅದನ್ನು ದಾಟಿ ‘ಡೇಟ್’ ಎಂದು ಶುರುವಾಗುವ ತಲೆಸಾಲಿನ ಮೊದಲ ಕೋಶಕ್ಕೆ ಹೋಗಿ ಎನ್‌ವಿಡಿಎ ಕೀಲಿ, ಶಿಫ್ಟ್, ಸಿ ಮೂರನ್ನೂ ಒಟ್ಟಿಗೆ ಒತ್ತಿ. ಅಲ್ಲಿಂದ ಮುಂದೆ ಅಡ್ಡಕ್ಕೆ ಸರಿದಾಗಲೆಲ್ಲ ‘ವಿತ್‌ಡ್ರಾವಲ್, ಐದುನೂರು’, ‘ಡೆಪಾಸಿಟ್, ಖಾಲಿ’ ಎಂದು ಕಂಬಸಾಲಿನ ಹೆಸರು ಸಮೇತ ಕೇಳುತ್ತದೆ.

ಸಂಖ್ಯೆಗಳ ವಿಷಯದಲ್ಲಿ ಎಕ್ಸೆಲ್ ತಾನೇ ಬುದ್ಧಿ ಓಡಿಸುತ್ತದೆ. ಯುಪಿಐ ಉಲ್ಲೇಖ ಸಂಖ್ಯೆ 12 ಅಂಕೆಯದು. 12 ಅಂಕೆ ಮುಟ್ಟಿದ ಕೂಡಲೇ ಅದನ್ನು ‘ನಾಲ್ಕು ಪಾಯಿಂಟ್ ಒಂದು ಎರಡು ಇ ಪ್ಲಸ್ ಹನ್ನೊಂದು’ ಎಂಬಂತೆ ತೋರಿಸುತ್ತದೆ. 15 ಅಂಕೆ ಮೀರಿದ ಸಂಖ್ಯೆಯಾದರೆ ಮುಂದಿನ ಅಂಕೆಗಳನ್ನು ಸೊನ್ನೆ ಮಾಡಿಬಿಡುತ್ತದೆ. 16 ಅಂಕೆಯ ಖಾತೆ ಸಂಖ್ಯೆಯ ಕೊನೆಯಂಕೆ ಹೋದದ್ದು ಮತ್ತೆ ಬರುವುದಿಲ್ಲ. ಸಿಎಸ್‌ವಿಯನ್ನು ಎಂಟರ್ ಒತ್ತಿ ನೇರ ತೆರೆಯದೆ, ಎಕ್ಸೆಲ್‌ನ ‘ಡೇಟಾ’ ಪಟ್ಟಿಯಲ್ಲಿ ‘ಫ್ರಮ್ ಟೆಕ್ಸ್ಟ್/ಸಿಎಸ್‌ವಿ’ ಮೂಲಕ ತನ್ನಿ, ‘ಡೇಟಾ ಟೈಪ್ ಡಿಟೆಕ್ಷನ್’ ಎಂಬಲ್ಲಿ ‘ಡು ನಾಟ್ ಡಿಟೆಕ್ಟ್’ ಆರಿಸಿ. ಎಲ್ಲವೂ ಪಠ್ಯವಾಗಿಯೇ ಉಳಿಯುತ್ತದೆ, ಒಂದಂಕೆಯೂ ಕದಲುವುದಿಲ್ಲ. ಹೀಗೆ ತಂದ ಮೊತ್ತಗಳನ್ನು ಕೂಡಿಸಲು ಆಗುವುದಿಲ್ಲ. ಲೆಕ್ಕಕ್ಕೆ ಇನ್ನೊಂದು ಪ್ರತಿ ಇಟ್ಟುಕೊಳ್ಳಿ.

ವೀಸಾಕ್ಕೋ ಸಾಲಕ್ಕೋ ಕೊಡಬೇಕಾದ ಸ್ಟೇಟ್‌ಮೆಂಟ್ ಮಾತ್ರ ಬ್ಯಾಂಕ್ ಕಳಿಸಿದ ಮೂಲ ಪಿಡಿಎಫ್ಫೇ ಆಗಿರಲಿ. ಅದರಲ್ಲಿ ಡಿಜಿಟಲ್ ಸಹಿ ಇದ್ದರೆ, ಟ್ಯಾಗ್ ಸೇರಿಸಲು ಹೋಗಿ ತಿದ್ದಿದ ಕೂಡಲೇ ಸಹಿ ಕೆಡುತ್ತದೆ.

ಪ್ರಶ್ನೆ: ಇ-ಆಧಾರ್, ಆದಾಯ ತೆರಿಗೆಯ ಫಾರ್ಮ್ 26ಎಎಸ್ ಮತ್ತು ಎಐಎಸ್: ಒಂದೊಂದಕ್ಕೆ ಒಂದೊಂದು ಪಾಸ್‌ವರ್ಡ್. ಹಾಕಿದರೆ ‘ತಪ್ಪು’ ಎನ್ನುತ್ತದೆ.
ಓದುಗರೊಬ್ಬರು, ಠಾಣೆ

ಉತ್ತರ: ಇ-ಆಧಾರಿಗೆ ಹೆಸರಿನ ಮೊದಲ ನಾಲ್ಕು ಅಕ್ಷರ, ಇಂಗ್ಲಿಷ್ ದೊಡ್ಡಕ್ಷರಗಳಲ್ಲಿ, ಅದಕ್ಕೆ ಹೊಂದಿ ಹುಟ್ಟಿದ ವರ್ಷ. ಇನಿಷಿಯಲ್ ಮುಂದೆ ಇದ್ದರೆ ಅದರ ಚುಕ್ಕೆಯೂ ಒಂದು ಅಕ್ಷರವೆಂದೇ ಲೆಕ್ಕ, ನಡುವಿನ ಖಾಲಿ ಜಾಗ ಲೆಕ್ಕಕ್ಕಿಲ್ಲ. ನಮ್ಮವರ ಹೆಸರುಗಳಲ್ಲಿ ಎಡವುವುದೇ ಇಲ್ಲಿ. 26ಎಎಸ್‌ಗೆ ಹುಟ್ಟಿದ ದಿನ, ತಿಂಗಳು, ವರ್ಷ ಸೇರಿ 8 ಅಂಕೆ. ಎಐಎಸ್‌ಗೆ ಪ್ಯಾನ್ ಸಂಖ್ಯೆ ಸಣ್ಣಕ್ಷರಗಳಲ್ಲಿ, ಆಮೇಲೆ ಅದೇ 8 ಅಂಕೆ. ಪಾಸ್‌ವರ್ಡ್ ಜಾಗದಲ್ಲಿ ಎನ್‌ವಿಡಿಎ ‘ಸ್ಟಾರ್, ಸ್ಟಾರ್’ ಎನ್ನುವುದರಿಂದ ತಪ್ಪು ತಿಳಿಯುವುದಿಲ್ಲ. ನೋಟ್‌ಪ್ಯಾಡಿನಲ್ಲಿ ಬರೆದು, ಇಯರ್‌ಫೋನಿನಲ್ಲಿ ಒಂದೊಂದಕ್ಷರ ಕೇಳಿ, ನಕಲಿಸಿ ಅಂಟಿಸಿ, ನೋಟ್‌ಪ್ಯಾಡನ್ನು ಉಳಿಸದೆ ಮುಚ್ಚಿ.

ಪ್ರಶ್ನೆ: ನಮ್ಮವ್ವಗ ಕಣ್ಣು ಕಾಣೂದಿಲ್ಲ, ಕನ್ನಡ ಬಿಟ್ಟು ಬ್ಯಾರೆ ಮಾತು ಬರೂದಿಲ್ಲ. ಊರಾಗಿನ ಬ್ಯಾಂಕಿನಿಂದ ಬಂದ ಕನ್ನಡ ಫಾರ್ಮ್ ಫೋನಿನ್ಯಾಗ ಹಾಕಿದ್ರ ಅರ್ಥ ಇಲ್ಲದ್ದು ಒದರತೈತಿ. ಇಲ್ಲಿ ಬ್ಯಾಂಕಿನವರು ಮರಾಠಿ, ಇಂಗ್ಲಿಷ್‌ನ್ಯಾಗ ಕೊಡ್ತಾರ. ಏನ್ ಮಾಡೂದ್ರಿ?
ಓದುಗರೊಬ್ಬರು, ವಾಸ್ಕೊ, ಗೋವಾ

ಉತ್ತರ: ಆ ಕನ್ನಡ ಫಾರ್ಮಿನ ಫಾಂಟ್ ಹೆಸರು ನೋಡಿ. ನುಡಿ ಅಥವಾ ಬರಹದ ಹಳೆಯ ಫಾಂಟ್ ಇರಬಹುದು. ಹಳೆಯ ಫಾಂಟುಗಳಲ್ಲಿ ಇಂಗ್ಲಿಷ್ ಅಕ್ಷರಗಳ ಮನೆಯಲ್ಲಿ ಕನ್ನಡದ ಆಕಾರಗಳನ್ನು ಕೂರಿಸಿದ್ದರು. ಕಣ್ಣಿಗೆ ಕನ್ನಡ, ಯಂತ್ರಕ್ಕೆ ಇಂಗ್ಲಿಷಿನ ಗೊಂದಲ. ಪಠ್ಯವನ್ನು ನಕಲಿಸಿ ನುಡಿ ಅಥವಾ ಬರಹ ತಂತ್ರಾಂಶದ ಪರಿವರ್ತಕದಲ್ಲಿ ಯುನಿಕೋಡಿಗೆ ಬದಲಿಸಿದರೆ ಬಹುಪಾಲು ಸರಿಯಾಗುತ್ತದೆ. ಪಿಡಿಎಫ್‌ನಿಂದ ನಕಲಿಸುವಾಗ ಒತ್ತಕ್ಷರ, ದೀರ್ಘಗಳು ಜಾಗ ತಪ್ಪುವುದುಂಟು, ಒಮ್ಮೆ ಓದಿ ನೋಡಿ. ಮರಾಠಿಯ ಹಳೆಯ ಫಾಂಟುಗಳದ್ದೂ ಇದೇ ಕಥೆ. ಯುನಿಕೋಡ್ ಮರಾಠಿಯಾಗಿದ್ದರೆ ಫೋನಿಗೆ ಮರಾಠಿ ಧ್ವನಿಯನ್ನೂ ಇಳಿಸಿಕೊಳ್ಳಬೇಕು, ಕನ್ನಡ ಧ್ವನಿಯಿಂದ ದೇವನಾಗರಿ ಓದಿಸಲಾಗುವುದಿಲ್ಲ.

ಆದರೆ ನಿಮ್ಮ ತಾಯಿಗೆ ಪಿಡಿಎಫ್ ಮುಖ್ಯವಲ್ಲ, ಲೆಕ್ಕ ಮುಖ್ಯ. ಆಂಡ್ರಾಯ್ಡ್ ಫೋನಿನಲ್ಲಿ ಗೂಗಲ್‌ನ ಕನ್ನಡ ಧ್ವನಿ ಹಾಕಿ, ಪರದೆ ಓದಿ ಹೇಳುವ ಟಾಕ್‌ಬ್ಯಾಕ್ ಕಲಿಸಿ. ಬ್ಯಾಂಕಿನ ಎಸ್ಸೆಮ್ಮೆಸ್ ಇಂಗ್ಲಿಷಿನಲ್ಲಿದ್ದರೂ ಮೊತ್ತ ಮತ್ತು ಬಾಕಿ ಕಿವಿಗೆ ಬೀಳುತ್ತವೆ. ಎಸ್ಸೆಮ್ಮೆಸ್ ಕನ್ನಡದಲ್ಲೇ ಬರುವ ಅನುಕೂಲ ಇದೆಯೇ ಎಂದು ಶಾಖೆಯಲ್ಲಿ ಕೇಳಿ. ಸಾದಾ ಫೋನಾದರೆ ಸ್ಟಾರ್ 99 ಹ್ಯಾಷ್ ಸೇವೆ ಕನ್ನಡದಲ್ಲೂ ಇದೆ, ಆದರೆ ಅದರ ಪಟ್ಟಿ ಪರದೆಯ ಮೇಲೆ ಬರುವುದರಿಂದ ಅವರಿಗೆ ಉಪಯೋಗವಿಲ್ಲ. 2022ರಲ್ಲಿ ಬಂದ ಯುಪಿಐ 123ಪೇ ಕರೆಯ ಮೇಲೆ ನಡೆಯುತ್ತದೆ, ಅದು ವಾಸಿ. ನೋಟು ಗುರುತಿಸಲು ರಿಸರ್ವ್ ಬ್ಯಾಂಕ್ 2020ರಲ್ಲಿ ತಂದ ‘ಮಣಿ’ ಆ್ಯಪ್ ಈಗ ಕನ್ನಡದಲ್ಲೂ ಹೇಳುತ್ತದೆ, ಇಂಟರ್ನೆಟ್ ಇಲ್ಲದೆಯೂ ನಡೆಯುತ್ತದೆ. ನೋಟು ಅಸಲಿಯೋ ನಕಲಿಯೋ ಎಂದು ಮಾತ್ರ ಅದು ಹೇಳುವುದಿಲ್ಲ.

ಪ್ರಶ್ನೆ: ಟಾಕ್‌ಬ್ಯಾಕ್ ಹಾಕಿದರೆ ಬ್ಯಾಂಕಿನ ಆ್ಯಪ್ ‘ಅಪಾಯದ ಆ್ಯಪ್ ಇದೆ’ ಎಂದು ಮುಚ್ಚಿಕೊಳ್ಳುತ್ತದೆ. ಟಾಕ್‌ಬ್ಯಾಕ್ ತೆಗೆದರೆ ನನಗೇನೂ ಕಾಣದು.
ವಿದ್ಯಾರ್ಥಿನಿ, ಮಾಟುಂಗಾ

ಉತ್ತರ: ವಂಚಕರು ಜನರ ಫೋನಿಗೆ ಆ್ಯಪ್ ಹಾಕಿಸಿ, ಆಕ್ಸೆಸಿಬಿಲಿಟಿ ಅನುಮತಿ ಪಡೆದು ಪರದೆ ಓದಿ ಹಣ ಕದಿಯುತ್ತಾರೆ. ಅದನ್ನು ತಡೆಯಲು ಬ್ಯಾಂಕಿನ ಆ್ಯಪ್‌ಗಳು ಈ ಅನುಮತಿ ಇರುವ ಎಲ್ಲವನ್ನೂ ಹುಡುಕುತ್ತವೆ. ಹುಡುಕುವುದು ತಪ್ಪಲ್ಲ. ಟಾಕ್‌ಬ್ಯಾಕನ್ನೂ ಕಳ್ಳರ ಸಾಲಿಗೆ ಸೇರಿಸುವುದು ತಪ್ಪು. ಮೊದಲು ಸೆಟ್ಟಿಂಗ್ಸ್‌ನ ಆಕ್ಸೆಸಿಬಿಲಿಟಿಯಲ್ಲಿ ‘ಡೌನ್‌ಲೋಡೆಡ್ ಆ್ಯಪ್ಸ್’ ಪಟ್ಟಿ ನೋಡಿ. ದೂರದಿಂದ ಫೋನ್ ನಡೆಸುವ ಆ್ಯಪ್, ಕರೆ ರೆಕಾರ್ಡರ್, ಪ್ಲೇ ಸ್ಟೋರಿನಲ್ಲಿ ಇಲ್ಲದ ಬೇರೆ ಸ್ಕ್ರೀನ್ ರೀಡರ್ ಏನಾದರೂ ಆನ್ ಇದ್ದರೆ ಆಫ್ ಮಾಡಿ, ಟಾಕ್‌ಬ್ಯಾಕ್ ಒಂದೇ ಇರಲಿ. ಹೆಚ್ಚಿನ ಸಲ ಇಷ್ಟಕ್ಕೇ ಸರಿಹೋಗುತ್ತದೆ. ಆಗಲೂ ಮುಚ್ಚಿಕೊಂಡರೆ ಆ್ಯಪ್‌ನ ಆವೃತ್ತಿ ಸಂಖ್ಯೆ, ಆಂಡ್ರಾಯ್ಡ್ ಆವೃತ್ತಿ, ಬಂದ ಸಂದೇಶದ ಪೂರ್ತಿ ಪಾಠ ಬರೆದು ಬ್ಯಾಂಕಿಗೆ ಕಳಿಸಿ, ಸದ್ಯಕ್ಕೆ ಕ್ರೋಮ್‌ನಲ್ಲಿ ನೆಟ್ ಬ್ಯಾಂಕಿಂಗ್ ಬಳಸಿ.

ಹೆಸರಿಲ್ಲದ ಬಟನ್‌ಗಳನ್ನು ಫೋಟೊ ತೆಗೆದು ವಿವರಿಸುವ ಆ್ಯಪ್‌ಗಳಿಂದ ಓದಿಸಲು ಹಲವರು ನೋಡುತ್ತಾರೆ, ಅವು ಕಪ್ಪು ಪರದೆ ಎನ್ನುತ್ತವೆ. ಬ್ಯಾಂಕಿನ ಆ್ಯಪ್ ಸ್ಕ್ರೀನ್‌ಶಾಟನ್ನೇ ತಡೆಯುವುದರಿಂದ ಹಾಗಾಗುತ್ತದೆ. ಆದ್ದರಿಂದಲೇ ಬಟನ್‌ಗೆ ಹೆಸರು ಕೊಡುವ ಕೆಲಸ ಬ್ಯಾಂಕಿನದೇ. ಲೋಕಲ್ ಟ್ರೈನಿನಲ್ಲಿ ಆ್ಯಪ್ ತೆರೆಯುವುದಾದರೆ ಇಯರ್‌ಫೋನ್ ಹಾಕಿ, ಟಾಕ್‌ಬ್ಯಾಕ್ ಮೆನುವಿನಲ್ಲಿ ‘ಹೈಡ್ ಸ್ಕ್ರೀನ್’ ಒತ್ತಿ. ಪರದೆ ಕಪ್ಪಾಗಿರುತ್ತದೆ, ಫೋನ್ ನಿಮಗೆ ಮಾತ್ರ ಕೇಳುತ್ತದೆ. ಇದೇ ಕೆಲಸಕ್ಕೆ ಐಫೋನಿನಲ್ಲಿ, ಅದರ ಸ್ಕ್ರೀನ್ ರೀಡರ್ ವಾಯ್ಸ್‌ಓವರ್ ಆನ್ ಇದ್ದಾಗ, ಮೂರು ಬೆರಳಲ್ಲಿ ಮೂರು ಸಲ ತಟ್ಟಿ. ಎನ್‌ವಿಡಿಎಯಲ್ಲಿ ಎನ್‌ವಿಡಿಎ ಕೀಲಿ, ಕಂಟ್ರೋಲ್, ಎಸ್ಕೇಪ್.

ಪ್ರಶ್ನೆ: ದೃಷ್ಟಿ ಇಲ್ಲದ ನಮ್ಮ ಭಾವನಿಗೆ ಚೆಕ್ ಪುಸ್ತಕ, ನೆಟ್ ಬ್ಯಾಂಕಿಂಗ್ ಕೊಡುವುದಿಲ್ಲ, ಕಣ್ಣಿರುವವರ ಜೊತೆ ಜಂಟಿ ಖಾತೆ ಮಾಡಿಸಿ ಎಂದು ಶಾಖೆಯಲ್ಲಿ ಹೇಳುತ್ತಾರೆ. ಹೀಗೆ ನಿಯಮ ಇದೆಯೇ?
ಓದುಗರೊಬ್ಬರು, ಮುಲುಂಡ್

ಉತ್ತರ: ಇಲ್ಲ. 2008ರ ಜೂನ್ 4ರಂದೇ ರಿಸರ್ವ್ ಬ್ಯಾಂಕ್ ಸುತ್ತೋಲೆ ಹೊರಡಿಸಿ, ಮೂರನೆಯವರ ಹೆಸರಿನ ಚೆಕ್ ಸೇರಿದಂತೆ ಚೆಕ್ ಪುಸ್ತಕ, ಎಟಿಎಂ, ನೆಟ್ ಬ್ಯಾಂಕಿಂಗ್, ಲಾಕರ್, ಸಾಲ, ಕ್ರೆಡಿಟ್ ಕಾರ್ಡ್ ಎಲ್ಲವನ್ನೂ ದೃಷ್ಟಿ ಇಲ್ಲದವರಿಗೆ ಭೇದವಿಲ್ಲದೆ ಕೊಡಬೇಕೆಂದು ಹೇಳಿದೆ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯ 13ನೇ ಸೆಕ್ಷನ್ ತಮ್ಮ ಹಣಕಾಸಿನ ವ್ಯವಹಾರ ತಾವೇ ನಡೆಸುವ ಹಕ್ಕನ್ನು ಕೊಟ್ಟಿದೆ. ಬ್ಯಾಂಕ್ ನಿಯಮಗಳನ್ನು ಓದಿ ಹೇಳಲಿ, ಅಪಾಯಗಳನ್ನು ತಿಳಿಸಲಿ, ನಿರಾಕರಿಸುವಂತಿಲ್ಲ. ಮ್ಯಾನೇಜರ ಬಳಿ ಜಗಳ ಬೇಡ. ‘ಸಾರ್, ಕೊಡುವುದಿಲ್ಲ ಎಂಬುದನ್ನು ಕಾರಣ ಸಮೇತ ಬರೆದುಕೊಡಿ’ ಎಂದು ಕೇಳಿ, 2008ರ ಸುತ್ತೋಲೆಯ ಪ್ರತಿ ಮುಂದಿಡಿ.

ಪ್ರಶ್ನೆ: ವಿಡಿಯೊ ಕೆವೈಸಿಯಲ್ಲಿ ‘ಕಣ್ಣು ಮಿಟುಕಿಸಿ’ ಎನ್ನುತ್ತಾರೆ. ನನಗೆ ಎರಡೂ ಕೃತಕ ಕಣ್ಣು. ಅರ್ಜಿ ತಿರಸ್ಕೃತವಾಯಿತು.
ಓದುಗರೊಬ್ಬರು, ಕೊತ್ರೂಡ್, ಪುಣೆ

ಉತ್ತರ: ನಿಮ್ಮಂಥ ತೊಂದರೆಯನ್ನೇ ಸುಪ್ರೀಂ ಕೋರ್ಟ್ ವಿಚಾರಿಸಿ 2025ರ ಏಪ್ರಿಲ್ 30ರಂದು ತೀರ್ಪು ಕೊಟ್ಟಿದೆ. ಆ್ಯಸಿಡ್ ದಾಳಿಗೆ ಒಳಗಾದವರು ಒಂದು ಅರ್ಜಿ, ದೃಷ್ಟಿ ಇಲ್ಲದವರೊಬ್ಬರು ಇನ್ನೊಂದು ಅರ್ಜಿ ಹಾಕಿದ್ದರು. ಡಿಜಿಟಲ್ ಸೇವೆ ಎಲ್ಲರಿಗೂ ಎಟುಕುವುದು ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನ ಭಾಗ ಎಂದ ಕೋರ್ಟ್, ಕೆವೈಸಿಯನ್ನು ಸರಿಪಡಿಸಲು 20 ನಿರ್ದೇಶನಗಳನ್ನು ಕೊಟ್ಟಿತು. ವ್ಯಕ್ತಿ ಜೀವಂತವಾಗಿ ಎದುರಿದ್ದಾರೆಂದು ತಿಳಿಯಲು ಕಣ್ಣು ಮಿಟುಕಿಸುವುದೊಂದೇ ದಾರಿಯಾಗಬಾರದು ಎಂಬುದು ಅವುಗಳಲ್ಲಿ ಒಂದು. ಅದೇ ವರ್ಷ ಆಗಸ್ಟಿನಲ್ಲಿ ರಿಸರ್ವ್ ಬ್ಯಾಂಕ್ ಕೆವೈಸಿ ನಿಯಮವನ್ನೇ ತಿದ್ದಿ, ಈ ಪರೀಕ್ಷೆಯಿಂದ ವಿಶೇಷ ಅಗತ್ಯವಿರುವವರು ಹೊರಗುಳಿಯಬಾರದು ಎಂದು ಸೇರಿಸಿತು. ಈ ಎರಡನ್ನೂ ಉಲ್ಲೇಖಿಸಿ ಮತ್ತೆ ಅರ್ಜಿ ಹಾಕಿ, ತಲೆ ತಿರುಗಿಸುವುದು ಅಥವಾ ಹೇಳಿದ ಸಂಖ್ಯೆಯನ್ನು ಬಾಯಲ್ಲಿ ಹೇಳುವುದು ಸಾಕೆಂದು ಕೇಳಿ.

ಪ್ಯಾನ್ ಕಾರ್ಡ್ ತೋರಿಸುವಾಗ ತಿರುಗುಮುರುಗಾಗದಂತೆ ಮುಖದ ಬದಿಯ ಬಲ ಮೇಲ್ಮೂಲೆಗೆ ಒಂದು ಚೂರು ಟೇಪ್ ಅಂಟಿಸಿಟ್ಟುಕೊಳ್ಳಿ. ಕಾರ್ಡನ್ನು ಕ್ಯಾಮೆರಾಕ್ಕೆ ತಾಗಿಸಿ ಹಿಡಿದು, ಅಲ್ಲಿಂದ ನೇರ 20 ಸೆಂಟಿಮೀಟರಿನಷ್ಟು ನಿಧಾನವಾಗಿ ಹಿಂದಕ್ಕೆ ತನ್ನಿ. ಬೆಳಕು ನಿಮ್ಮ ಮುಖದ ಮೇಲೆ ಬೀಳಲಿ, ಬೆನ್ನ ಹಿಂದೆ ಕಿಟಕಿ ಬೇಡ.

ಪ್ರಶ್ನೆ: ನಮ್ಮದು ಸಣ್ಣ ಪತಪೇಢಿ (ಸಹಕಾರಿ ಪತ್ತಿನ ಸಂಘ). ಸದಸ್ಯರಲ್ಲಿ ನಾಲ್ವರಿಗೆ ದೃಷ್ಟಿ ಇಲ್ಲ. ಅವರಿಗೆ ಓದಲಾಗುವ ಸ್ಟೇಟ್‌ಮೆಂಟ್ ಕೊಡಬೇಕೆಂಬ ಮನಸ್ಸಿದೆ, ಖರ್ಚು ಎಷ್ಟಾಗಬಹುದು, ಎಲ್ಲಿಂದ ಶುರು ಮಾಡಬೇಕು?
ಕಾರ್ಯದರ್ಶಿ, ಅಂಧೇರಿ

ಉತ್ತರ: ಈ ಪತ್ರ ಓದಿ ಸಂತೋಷವಾಯಿತು. ಖರ್ಚು ನೀವು ಅಂದುಕೊಂಡಷ್ಟಿಲ್ಲ. ನಾಳೆಯೇ ಮಾಡಬಹುದಾದ ಕೆಲಸ, ಪಿಡಿಎಫ್ ಜೊತೆಗೆ ಸಿಎಸ್‌ವಿ ಕೊಡುವುದು. ಅದಕ್ಕೆ ಪೈಸೆ ಖರ್ಚಿಲ್ಲ. ಸಿಎಸ್‌ವಿಗೆ ತನ್ನದೇ ಪಾಸ್‌ವರ್ಡ್ ಇರುವುದಿಲ್ಲ, ಇಮೇಲ್ ಮಾಡುವುದಾದರೆ ಪಾಸ್‌ವರ್ಡ್ ಇರುವ ಜಿಪ್‌ನಲ್ಲಿ ಕಳಿಸಿ.

ಪತ್ರಗಳು, ಠರಾವಿನ ಪ್ರತಿಗಳು, ಸಾಲ ಮಂಜೂರಾತಿ ಇವುಗಳನ್ನು ವರ್ಡ್‌ನಲ್ಲಿ ಬರೆಯುತ್ತೀರಿ. ಅಲ್ಲಿ ನಡೆಯುವ ದೊಡ್ಡ ತಪ್ಪು ‘ಪ್ರಿಂಟ್ ಟು ಪಿಡಿಎಫ್’. ಪ್ರಿಂಟರಿಗೆ ಹೋಗುವ ದಾರಿಯಲ್ಲಿ ಟ್ಯಾಗ್‌ಗಳೆಲ್ಲ ಉದುರಿಹೋಗುತ್ತವೆ. ಬದಲಿಗೆ ‘ಸೇವ್ ಆ್ಯಸ್’ನಲ್ಲಿ ಪಿಡಿಎಫ್ ಆರಿಸಿ, ‘ಆಪ್ಶನ್ಸ್’ ಒಳಗೆ ‘ಡಾಕ್ಯುಮೆಂಟ್ ಸ್ಟ್ರಕ್ಚರ್ ಟ್ಯಾಗ್ಸ್ ಫಾರ್ ಆಕ್ಸೆಸಿಬಿಲಿಟಿ’ ಎಂಬಲ್ಲಿ ಟಿಕ್ ಇದೆಯೇ ನೋಡಿ. ತಲೆಬರಹಕ್ಕೆ ಅಕ್ಷರ ದಪ್ಪ ಮಾಡಿದರೆ ಸಾಲದು, ‘ಹೆಡ್ಡಿಂಗ್’ ಸ್ಟೈಲನ್ನೇ ಹಾಕಬೇಕು. ಕೋಷ್ಟಕದ ಮೊದಲ ಸಾಲಿಗೆ ‘ರಿಪೀಟ್ ಆ್ಯಸ್ ಹೆಡರ್ ರೋ’ ಕೊಡಬೇಕು. ಇನ್ನೊಂದು, ಅಚ್ಚು ಹಾಕಿ, ಸಹಿ ಮಾಡಿ, ಸಿಕ್ಕಾ ಒತ್ತಿ, ಸ್ಕ್ಯಾನ್ ಮಾಡಿ ಕಳಿಸುವ ರೂಢಿ. ಒಂದು ಸಹಿಗಾಗಿ ಇಡೀ ಪತ್ರ ಫೋಟೊ ಆಗಿಬಿಡುತ್ತದೆ. ಸ್ಕ್ಯಾನ್ ಪ್ರತಿಯ ಜೊತೆ ಮೂಲ ವರ್ಡ್‌ನಿಂದ ತೆಗೆದ ಪಿಡಿಎಫ್ ಕೂಡ ಕಳಿಸಿ, ಇಲ್ಲವೇ ಡಿಜಿಟಲ್ ಸಹಿ ತೆಗೆದುಕೊಳ್ಳಿ. ಟ್ಯಾಗ್ ಹಾಕುವ ಕೆಲಸವೆಲ್ಲ ಮುಗಿದ ಮೇಲೆ, ಕಟ್ಟಕಡೆಗೆ, ಸಹಿ.

ಸ್ಟೇಟ್‌ಮೆಂಟ್ ನಿಮ್ಮ ಸಾಫ್ಟ್‌ವೇರಿನವರ ಕೈಯಲ್ಲಿದೆ. ಅವರಿಗೆ ‘ಅಂಧರಿಗೆ ಅನುಕೂಲ ಮಾಡಿಕೊಡಿ’ ಎಂದು ಬರೆಯಬೇಡಿ, ಹೀಗೆ ಬರೆಯಿರಿ: ಪಿಡಿಎಫ್ ಟ್ಯಾಗ್ ಸಹಿತ ಇರಬೇಕು, ವ್ಯವಹಾರಗಳೆಲ್ಲ ಒಂದೇ ಕೋಷ್ಟಕದಲ್ಲಿ, ತಲೆಸಾಲಿಗೆ ಹೆಡರ್ ಟ್ಯಾಗ್ ಇರಬೇಕು, ಖರ್ಚು, ಜಮೆ ಬೇರೆಬೇರೆ ಕಂಬಸಾಲಿನಲ್ಲಿ, ಬರೀ ಕೆಂಪು-ಹಸಿರು ಬಣ್ಣದಿಂದ ಸೂಚಿಸಬಾರದು, ಹಿನ್ನೆಲೆಯ ವಾಟರ್‌ಮಾರ್ಕನ್ನು ಆರ್ಟಿಫ್ಯಾಕ್ಟ್ (ಓದಬೇಕಿಲ್ಲದ ಅಲಂಕಾರ) ಎಂದು ಗುರುತಿಸಬೇಕು, ಇಲ್ಲವಾದರೆ ಸಂಘದ ಹೆಸರು ಸಾಲುಗಳ ಮಧ್ಯೆ ಮೂಗು ತೂರಿಸುತ್ತದೆ, ದಾಖಲೆಯ ಭಾಷೆ, ಶೀರ್ಷಿಕೆ ನಮೂದಾಗಿರಬೇಕು, ಗೂಢಲಿಪಿ ಹಾಕುವಾಗ ಆಕ್ಸೆಸಿಬಿಲಿಟಿಗೆ ಅನುಮತಿ ಇರಬೇಕು, ಕನ್ನಡ, ಮರಾಠಿ ಯುನಿಕೋಡಿನಲ್ಲಿರಬೇಕು. ಅವರು ಜಾಸ್ಪರ್ ರಿಪೋರ್ಟ್ಸ್‌ನಂಥ ಸಾಧನ ಬಳಸುತ್ತಿದ್ದರೆ ಟ್ಯಾಗ್ ಹಾಕುವ ಆಯ್ಕೆ ಅದರಲ್ಲೇ ಇದೆ, ಮೊದಲಿಂದ ಆಫ್ ಆಗಿರುತ್ತದೆ ಅಷ್ಟೇ. ಎಲ್ಲರಿಗೂ ಎಟುಕುವ ಪಿಡಿಎಫ್‌ಗೆ ಐಎಸ್‌ಒ 14289 ಎಂಬ ಅಂತರರಾಷ್ಟ್ರೀಯ ಮಾನಕವಿದೆ, ನಮ್ಮ ದೇಶದಲ್ಲಿ ಎಲ್ಲರಿಗೂ ಎಟುಕುವ ಡಿಜಿಟಲ್ ಸೇವೆಗಳಿಗೆ ಐಎಸ್ 17802 ಇದೆ. ಕೆಲಸದ ಕರಾರಿನಲ್ಲಿ ಈ ಎರಡು ಸಂಖ್ಯೆ ಸೇರಿಸಿ.

ಕೊಟ್ಟದ್ದನ್ನು ಪರೀಕ್ಷಿಸಲು ಪ್ಯಾಕ್ ಎಂಬ ಉಚಿತ ತಂತ್ರಾಂಶವಿದೆ. ಆದರೆ ಯಂತ್ರ ಹಸಿರು ತೋರಿಸಿದ ಮಾತ್ರಕ್ಕೆ ಒಪ್ಪಬೇಡಿ. ಎನ್‌ವಿಡಿಎ ಉಚಿತ. ಕಚೇರಿಯ ಒಂದು ಕಂಪ್ಯೂಟರಿಗೆ ಹಾಕಿ, ಮಾನಿಟರ್ ಆಫ್ ಮಾಡಿ, ಟಿ ಒತ್ತಿ ಕೋಷ್ಟಕಕ್ಕೆ ಹೋಗಿ, ಕಂಟ್ರೋಲ್-ಆಲ್ಟ್ ಜೊತೆ ಬಾಣದ ಕೀಲಿಗಳಿಂದ ನಡೆದಾಡಿ. ಮೂರು ತಿಂಗಳ ಹಿಂದಿನ ಬಡ್ಡಿ ಎಷ್ಟು ಎಂದು ಕಿವಿಯಿಂದಲೇ ಹುಡುಕಲು ನಿಮಗಾದರೆ ನಿಮ್ಮ ಸದಸ್ಯರಿಗೂ ಆಗುತ್ತದೆ. ಆ ನಾಲ್ವರಲ್ಲಿ ಒಬ್ಬರನ್ನಾದರೂ ಕರೆದು ಕೂರಿಸಿಕೊಳ್ಳಿ, ಅವರ ಸಮಯಕ್ಕೆ ಸಂಭಾವನೆಯನ್ನೂ ಕೊಡಿ. ತರಬೇತಿ, ಸಲಹೆ ಬೇಕಾದರೆ ಧೋಬಿ ತಲಾವಿನ ಸೇಂಟ್ ಝೇವಿಯರ್ಸ್ ಕಾಲೇಜಿನಲ್ಲಿರುವ ದೃಷ್ಟಿ ಸವಾಲಿನವರ ಸಂಪನ್ಮೂಲ ಕೇಂದ್ರ ಬ್ಯಾಂಕಿಂಗ್ ವಿಷಯದಲ್ಲಿ ವರ್ಷಗಳಿಂದ ಕೆಲಸ ಮಾಡಿದೆ. ವರ್ಲಿಯಲ್ಲಿ ನ್ಯಾಷನಲ್ ಅಸೋಸಿಯೇಷನ್ ಫಾರ್ ದ ಬ್ಲೈಂಡ್ ಕೇಂದ್ರ ಕಚೇರಿ ಇದೆ.

ಪ್ರಶ್ನೆ: ಬ್ಯಾಂಕಿಗೆ ಮೂರು ಸಲ ಇಮೇಲ್ ಮಾಡಿದೆ. ‘ನಿಮ್ಮ ಸಲಹೆಯನ್ನು ಗಮನಿಸಿದ್ದೇವೆ’ ಎಂಬ ಉತ್ತರ ಬಂತು. ಮುಂದೇನು?
ನಿವೃತ್ತ ಶಿಕ್ಷಕಿ, ಘಾಟ್‌ಕೋಪರ್

ಉತ್ತರ: ‘ಸಲಹೆ’ ಎಂದದ್ದನ್ನು ಮೊದಲು ತಿದ್ದಬೇಕು. ಇಮೇಲಿನ ವಿಷಯ ಸಾಲಿನಲ್ಲೇ ‘ದೂರು’ ಎಂದು ಬರೆದು ದೂರಿನ ಸಂಖ್ಯೆ ಕೇಳಿ ಪಡೆಯಿರಿ. ಒಳಗೆ ಮೊದಲ ಉತ್ತರದಲ್ಲಿ ಹೇಳಿದ ಮೂರು ಪರೀಕ್ಷೆಗಳ ಫಲಿತಾಂಶ, ಸ್ಟೇಟ್‌ಮೆಂಟಿನ ತಿಂಗಳು, ಸ್ಕ್ರೀನ್ ರೀಡರ್ ಹೆಸರು ಮತ್ತು ಆವೃತ್ತಿ ಬರೆಯಿರಿ. ಏನು ಬೇಕೆಂದೂ ಒಂದೇ ವಾಕ್ಯದಲ್ಲಿ ಹೇಳಿ: ‘ಟ್ಯಾಗ್ ಸಹಿತ ಪಿಡಿಎಫ್ ಕೊಡಿ, ಅದಾಗುವವರೆಗೆ ಪ್ರತಿ ತಿಂಗಳೂ ಸಿಎಸ್‌ವಿ ಕಳಿಸಿ.’ 2016ರ ಕಾಯ್ದೆಯ 42 ಮತ್ತು 46ನೇ ಸೆಕ್ಷನ್ ಉಲ್ಲೇಖಿಸಿ. ಸರ್ಕಾರಿಯಾಗಲಿ ಖಾಸಗಿಯಾಗಲಿ, ಸೇವೆ ಕೊಡುವವರು ಎಲ್ಲರಿಗೂ ಎಟುಕುವಂತೆ ಕೊಡಬೇಕೆಂದು 46 ಹೇಳುತ್ತದೆ.

30 ದಿನದಲ್ಲಿ ಉತ್ತರ ಬರದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ತಡಮಾಡದೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ (ದೂರು ವಿಚಾರಿಸುವ ಅಧಿಕಾರಿಗೆ) ಸಿಎಂಎಸ್ ಎಂಬ ಅವರ ದೂರು ತಾಣದಲ್ಲಿ ದೂರು ಕೊಡಿ. ಶುಲ್ಕವಿಲ್ಲ, ವಕೀಲರು ಬೇಡ. 14448ಕ್ಕೆ ಕರೆ ಮಾಡಿದರೆ ಕನ್ನಡದಲ್ಲೂ ಮಾಹಿತಿ ಸಿಗುತ್ತದೆ. ಪತಪೇಢಿಗಳು ಮಾತ್ರ ರಿಸರ್ವ್ ಬ್ಯಾಂಕಿನ ಕೈಕೆಳಗೆ ಬರುವುದಿಲ್ಲ, ಅವುಗಳ ಮೇಲಿನ ದೂರು ಸಹಕಾರ ಇಲಾಖೆಯ ನಿಬಂಧಕರಿಗೆ. ಭೇದಭಾವದ ದೂರನ್ನು ಅಂಗವಿಕಲರ ಆಯುಕ್ತರಿಗೂ ಕೊಡಬಹುದು. ಮಹಾರಾಷ್ಟ್ರದ ಆಯುಕ್ತರ ಕಚೇರಿ ಪುಣೆಯಲ್ಲಿದೆ, ಕೇಂದ್ರದ ಮುಖ್ಯ ಆಯುಕ್ತರು ದೆಹಲಿಯಲ್ಲಿ.

ದೂರಿಗೆ ಸ್ಟೇಟ್‌ಮೆಂಟಿನ ಕಡತ ಲಗತ್ತಿಸುವಾಗ ವ್ಯವಹಾರ ಕಡಿಮೆ ಇರುವ ತಿಂಗಳಿನದನ್ನು ಆರಿಸಿ. ಪತ್ರದಲ್ಲಿ ಖಾತೆ ಸಂಖ್ಯೆಯ ಕೊನೆಯ 4 ಅಂಕೆ ಬರೆದರೆ ಸಾಕು. ಪಾಸ್‌ವರ್ಡನ್ನು ದೂರಿನಲ್ಲಿ ಬರೆಯಬೇಡಿ. ಕೇಳಿದರೂ, ಅದೇ ಕಡತವನ್ನು ತಮ್ಮ ವ್ಯವಸ್ಥೆಯಿಂದ ಮತ್ತೆ ತೆಗೆದು ನೋಡಿ ಎಂದು ಬ್ಯಾಂಕಿಗೆ ತಿಳಿಸಿ.